ಬೀಳುತ್ತಾರೆಂಬ ಭಯಕ್ಕೆ ಮಲಗಿಸಿಯೇ ಇಡಬೇಡಿ

ಪ್ರಶ್ನೆ: ನಮ್ಮ ಅತ್ತೆಗೆ 82 ವರ್ಷ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮೂರು ವಾರವಾಯಿತು. ವಾಕರ್ ಹಿಡಿಸಿ ನಡೆಸಿ ಎಂದು ಡಾಕ್ಟರ್ ಹೇಳಿದ್ದಾರೆ. ಮತ್ತೆ ಬಿದ್ದರೆ ಗತಿಯೇನು ಎಂದು ನಾವು ಮಂಚದಿಂದ ಇಳಿಸಿಲ್ಲ. ಡೈಪರ್ ಹಾಕಿದ್ದೇವೆ, ಊಟವನ್ನೂ ನಾನೇ ತಿನ್ನಿಸುತ್ತೇನೆ. ಈಗ ಬೆನ್ನಿನ ಕೆಳಗೆ ಕೆಂಪಾಗಿದೆ. ಎಣ್ಣೆ ತಿಕ್ಕಿ ಪೌಡರ್ ಹಾಕುತ್ತಿದ್ದೇನೆ. ಎರಡು ರಾತ್ರಿಯಿಂದ ನಿದ್ದೆ ಮಾಡದೆ ತೀರಿಕೊಂಡ ಮಾವನವರನ್ನು ಕರೆಯುತ್ತಾರೆ. ಅರಳುಮರಳು ಎನ್ನುತ್ತಾರೆ ಪಕ್ಕದ ಮನೆಯವರು. ಏನು ಮಾಡಲಿ?
– ಒಬ್ಬ ಸೊಸೆ, ಶಿವಮೊಗ್ಗ ಜಿಲ್ಲೆ

ಉತ್ತರ: ಕೊನೆಯದನ್ನೇ ಮೊದಲು ಹೇಳುತ್ತೇನೆ, ಅದು ಕಾಯುವಂಥದ್ದಲ್ಲ. ವಯಸ್ಸಿನ ಮರೆವು ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಎರಡು ದಿನದಲ್ಲಿ ಬಂದ ಗಲಿಬಿಲಿಗೆ ದೇಹದೊಳಗೆ ಬೇರೆ ಕಾರಣವಿರುತ್ತದೆ: ಮೂತ್ರದ ಸೋಂಕು, ಕಫ, ನೀರು ಸಾಲದಿರುವುದು, ಮಲಬದ್ಧತೆ, ನೋವು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿಕೆ, ಹೊಸದಾಗಿ ಶುರುವಾದ ಮಾತ್ರೆ. ಇದನ್ನು ಡೆಲಿರಿಯಂ ಎನ್ನುತ್ತಾರೆ. ಇವತ್ತೇ ಡಾಕ್ಟರಿಗೆ ತೋರಿಸಿ, ಅವರು ನುಂಗುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಜ್ವರವಿಲ್ಲವೆಂದು ಸುಮ್ಮನಾಗಬೇಡಿ, ಈ ವಯಸ್ಸಿನಲ್ಲಿ ಸೋಂಕಿದ್ದರೂ ಮೈ ಬಿಸಿಯಾಗದಿರಬಹುದು. ನೀವಾಗಿಯೇ ನಿದ್ದೆಮಾತ್ರೆ ಕೊಡಲೇಬೇಡಿ, ಗಲಿಬಿಲಿ ಇನ್ನೂ ಹೆಚ್ಚಬಹುದು. ಎದ್ದಿರುವಾಗ ಕನ್ನಡಕ, ಕಿವಿಯ ಮಿಷನ್ ಹಾಕಿರಲಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ಸಣ್ಣ ದೀಪವಿರಲಿ. ಮಾವನವರನ್ನು ಕರೆದಾಗ ವಾದಕ್ಕಿಳಿಯಬೇಡಿ. ‘ನಾನಿದ್ದೀನಿ ಅತ್ತೆ, ನಮ್ಮನೇಲೇ ಇದ್ದೀರಿ’ ಎಂದು ಕೈ ಹಿಡಿದುಕೊಂಡರೆ ಸಾಕು.

ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಣ್ಣ ಬಿಳಚದೆ ಕೆಂಪಾಗಿಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ, ಮುಟ್ಟಿದರೆ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುವುದೂ ಉಂಟು. ಅಲ್ಲಿ ತಿಕ್ಕುವುದನ್ನು ಇಂದಿಗೇ ನಿಲ್ಲಿಸಿ. ಭಾರಕ್ಕೆ ಸಿಕ್ಕ ಸಣ್ಣ ರಕ್ತನಾಳಗಳು ತಿಕ್ಕಿದರೆ ಇನ್ನಷ್ಟು ಹಾಳಾಗುತ್ತವೆ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಮಗ್ಗುಲಿಗಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ. ಮೀನಖಂಡದ ಕೆಳಗೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮೇಲಕ್ಕೆ ಸರಿಸುವಾಗ ಎಳೆಯಬೇಡಿ, ಮೈಯ ಕೆಳಗೆ ಬೆಡ್‌ಶೀಟ್ ಹಾಕಿ ಇಬ್ಬರು ಎತ್ತಿ. ಚರ್ಮ ಒಡೆದರೆ ಮನೆಮದ್ದು ಬೇಡ, ನರ್ಸ್ ಅಥವಾ ಡಾಕ್ಟರಿಗೆ ತೋರಿಸಿ.

ಆದರೆ ಇಷ್ಟಕ್ಕೂ ಬೇರು ಹಾಸಿಗೆಯಲ್ಲೇ ಇದೆ. ಮಲಗಿದಲ್ಲೇ ಇದ್ದರೆ ಸ್ನಾಯು ಕರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟಬಹುದು. ಸೊಂಟದ ಆಪರೇಷನ್ ಮಾಡುವುದೇ ಬೇಗ ಎದ್ದು ನಿಲ್ಲಲೆಂದು. ಸಾಮಾನ್ಯವಾಗಿ ಮರುದಿನವೇ ನಿಲ್ಲಿಸುತ್ತಾರೆ. ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಮಲಗಿದ್ದಷ್ಟೂ ಕಾಲು ಸೋತು, ಎದ್ದ ದಿನ ಬೀಳುವ ಸಂಭವವೇ ಹೆಚ್ಚು.

ಮುರಿದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂದು ಡಾಕ್ಟರನ್ನು ಕೇಳಿಕೊಂಡು, ಮೊದಲ ದಿನ ಫಿಸಿಯೋಥೆರಪಿಸ್ಟ್ ಇದ್ದಾಗಲೇ ಎಬ್ಬಿಸಿ. ಕಾಲು ನೆಲಕ್ಕೆ ತಾಗುವಂತೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಲಿ. ತಲೆ ಸುತ್ತದಿದ್ದರೆ ನಿಲ್ಲಲಿ. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆಯ ಕಾಲು. ನೀವು ಆಪರೇಷನ್ ಆದ ಬದಿಯಲ್ಲಿ, ಕೊಂಚ ಹಿಂದೆ ನಿಂತಿರಿ. ಕಂಕುಳಿಗೆ ಕೈಹಾಕಿ ಎಳೆಯಬೇಡಿ. ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟರೆ ಹಗಲಿನ ಡೈಪರ್ ತಪ್ಪುತ್ತದೆ. ಡೈಪರ್ ಹಾಕಿಸಿಕೊಳ್ಳುವ ಸಂಕೋಚಕ್ಕೇ ಎಷ್ಟೋ ಹಿರಿಯರು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ.

ಗಲಿಬಿಲಿ ಇಳಿದ ಮೇಲೆ ನೆಟ್ಟಗೆ ಕೂರಿಸಿ, ತಟ್ಟೆಯನ್ನು ಅವರ ಕೈಗೇ ಕೊಡಿ. ನಾಲ್ಕು ಅಗುಳು ಚೆಲ್ಲಲಿ. ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ. ತಲೆ ಬಾಚಿಕೊಳ್ಳುವುದು, ಯಾವ ಸೀರೆ ಎಂದು ಹೇಳುವುದು, ಇವನ್ನೆಲ್ಲ ಅವರಿಗೇ ಬಿಡಿ. ಅವರ ಕೈಲಾಗುವ ಕೆಲಸವನ್ನು ನಾವು ಮಾಡಿಕೊಟ್ಟಷ್ಟೂ ಅವರು ಸೋಲುತ್ತಾರೆ. ನರ್ಸಿಂಗ್‌ನಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವುದು ಇದನ್ನೇ.

ಊಟವನ್ನೂ ‘ನಾನೇ’ ತಿನ್ನಿಸುತ್ತೇನೆ ಎಂದು ಬರೆದಿದ್ದೀರಿ. ರಾತ್ರಿ ಮಗ್ಗುಲು ಬದಲಿಸುವ ಪಾಳಿಯಲ್ಲಿ ಅರ್ಧವನ್ನು ಅವರ ಮಗ ವಹಿಸಿಕೊಳ್ಳಲಿ. ಬೇರೆ ಸೌಲಭ್ಯಗಳ ಬಗ್ಗೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಬಹುದು.