ಮೂರನೇ ಪುಟದ ಸೀತಾಳೆ

ನಮಸ್ಕಾರ. ಚಿಕ್ಕಮಗಳೂರಿನಿಂದ ನೀವು ಕಳಿಸಿದ ‘ವಿಜ್ಞಾನದ ಬಾಗಿಲು ತೆರೆದಿರಲಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇದರೊಳಗೆ ಒಂದು ಒಳ್ಳೆಯ ಬರಹ ಇದೆ.

ಮೊದಲ ಎರಡು ಪುಟ ಬರೀ ಭಾಷಣ. ‘ಪಾರದರ್ಶಕತೆಯೇ ವಿಜ್ಞಾನದ ಉಸಿರು’ ಅಂತ ನಾಲ್ಕು ಕಡೆ ಬರೆದಿದ್ದೀರಿ, ಒಂದು ಕಡೆಯೂ ತೋರಿಸಿಲ್ಲ. ಬೆಂಗಳೂರಿನದ್ದೇ ಒಂದು ಉದಾಹರಣೆ ಕೊಡಬಹುದಿತ್ತಲ್ವಾ? 2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು, ಬೆಳ್ಳಿ-ಚಿನ್ನದ ಅತಿ ಸಣ್ಣ ಕಣಗಳಲ್ಲಿ ಸೊನ್ನೆಗಿಂತ 37 ಡಿಗ್ರಿ ಕೆಳಗೇ ವಿದ್ಯುತ್ ತಡೆಯಿಲ್ಲದೆ ಹರಿಯುತ್ತದೆ ಎಂದು ಬರೆದು, ಯಾರು ಬೇಕಾದರೂ ಓದಬಹುದಾದ ಆರ್ಕೈವ್ ತಾಣಕ್ಕೆ ಹಾಕಿದರು. ಅಮೆರಿಕದ ಭೌತವಿಜ್ಞಾನಿ ಬ್ರಯನ್ ಸ್ಕಿನ್ನರ್ ಅದರ ಗ್ರಾಫನ್ನು ಹತ್ತಿರದಿಂದ ನೋಡಿದರು. ಅಳತೆಯ ಚುಕ್ಕಿಗಳು ಒಂಚೂರು ಮೇಲೆ ಕೆಳಗೆ ನಡುಗುತ್ತವೆ. ಒಂದು ಸಲದ ನಡುಕ ಇನ್ನೊಂದು ಸಲ ಬರುವುದಿಲ್ಲ. ಇಲ್ಲಿ ಬೇರೆ ಬೇರೆ ಕಾಂತಕ್ಷೇತ್ರದ ಎರಡು ಅಳತೆಯಲ್ಲಿ ಅದೇ ನಡುಕ, ಚುಕ್ಕಿಗೆ ಚುಕ್ಕಿ! ಗ್ರಾಫ್ ಎಲ್ಲರ ಕಣ್ಣೆದುರು ಇದ್ದದ್ದಕ್ಕೇ ಪ್ರಶ್ನೆ ಎದ್ದಿತು. ಮರುವರ್ಷ ಬೆಂಗಳೂರಿನವರು ಇನ್ನಷ್ಟು ವಿವರ ಸೇರಿಸಿ ಆ ಬರಹವನ್ನು ಮತ್ತೆ ಹಾಕಿದರು.

ಇನ್ನು ಮೂರನೇ ಪುಟ. ಕೆಮ್ಮಣ್ಣುಗುಂಡಿ ಕಡೆ ಅಪರೂಪದ ಸೀತಾಳೆ (ಆರ್ಕಿಡ್) ಹೂವು ನೋಡಿದ್ದೀರಿ, ತುಂಬಾ ಸಂತೋಷ. ಆದರೆ ಯಾವ ತಿರುವಿನಲ್ಲಿ ಇಳಿಯಬೇಕು, ಯಾವ ಹಳ್ಳ ದಾಟಬೇಕು, ಯಾವ ಮರದ ಎಷ್ಟನೇ ಕೊಂಬೆ, ಎಲ್ಲವನ್ನೂ ಬರೆದುಬಿಟ್ಟಿದ್ದೀರಿ. ಓದಿ ಎದೆ ಝಲ್ ಅಂದಿತು. ಇದನ್ನು ಅಚ್ಚು ಹಾಕಿದರೆ ಮುಂದಿನ ಭಾನುವಾರಕ್ಕೆ ಆ ಗಿಡ ಅಲ್ಲಿರುತ್ತದಾ? ಚೀನಾದಲ್ಲಿ 1999ರಲ್ಲಿ ಒಂದು ಗವಿಹಲ್ಲಿಯನ್ನು ಹೊಸ ಪ್ರಭೇದ ಅಂತ ಪ್ರಕಟಿಸಿದರು. ಸಾಕುವವರಿಗೆ ಮಾರಲು ಜನ ಹಿಡಿದೂ ಹಿಡಿದೂ, ಕೆಲವೇ ವರ್ಷದಲ್ಲಿ ಮೊದಲು ಸಿಕ್ಕಿದ ಜಾಗದಲ್ಲೇ ಅದು ಇಲ್ಲದಂತಾಯಿತು. ಜನ ತಾವು ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್ ಕೂಡ ಅಪಾಯದಲ್ಲಿರುವ ಜೀವಿಗಳ ಸರಿಯಾದ ಜಾಗ ತೋರಿಸುವುದಿಲ್ಲ, ದೊಡ್ಡ ಚೌಕವೊಂದರೊಳಗೆ ಎಲ್ಲೋ ಒಂದು ಕಡೆ ಚುಕ್ಕಿ ಇಡುತ್ತದೆ.

ತೆರೆದಿಡುವುದರ ಅಪಾಯದ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅದು ನಿಮ್ಮ ಪುಟದಲ್ಲೇ ಇದೆ, ಅಲ್ಲಿಂದಲೇ ಶುರು ಮಾಡಿ. ಯಾವ ತಿಂಗಳು ಹೂ ಬಿಡುತ್ತದೆ, ಎಷ್ಟು ಗಿಡ ಕಂಡವು, ಹೇಗೆ ಎಣಿಸಿದಿರಿ, ಇದೆಲ್ಲ ಎಲ್ಲರಿಗೂ ಇರಲಿ. ದಾರಿ ಮಾತ್ರ ಸಂಶೋಧಕರಿಗೆ, ಅರಣ್ಯ ಇಲಾಖೆಗೆ ಸಾಕು. ಈ ಗೆರೆ ಎಲ್ಲಿ ಎಳೆಯಬೇಕು ಅಂತ ನಿಮಗೇ ಕಷ್ಟ ಆದರೆ, ಆ ಕಷ್ಟವನ್ನೂ ಬರೆಯಿರಿ.

ಹಾಂ, ನೀವು ಕಳಿಸಿದ ಫೋಟೋ ಫೈಲಿನಲ್ಲೂ ಜಿಪಿಎಸ್ ಜಾಗ ಇತ್ತು. ನಮ್ಮ ಹತ್ತಿರ ಇದ್ದದ್ದನ್ನು ಅಳಿಸಿದ್ದೇನೆ. ನೀವು ಇನ್ಯಾರಿಗೆ ಕಳಿಸಿದ್ದೀರಿ ನೋಡಿ, ಇವತ್ತೇ ಅವರಿಗೂ ಹೇಳಿ.