ಹಣ ಪೂರ್ತಿ ಸಂದಿದೆ, ದೋಣಿ ಅರ್ಧಕ್ಕೆ ನಿಂತಿದೆ

ಪ್ರಶ್ನೆ: ನನ್ನದು ಹದಿನೆಂಟು ಅಡಿಯ ಫೈಬರ್‌ಗ್ಲಾಸ್ ದೋಣಿ. ಎಂಜಿನ್ ತೂಗುವ ಹಿಂಬದಿಯ ಗೋಡೆಯ, ಅಂದರೆ ಟ್ರಾನ್ಸಮ್‌ನ, ಒಳಗಿನ ಮರ ಕೊಳೆತಿತ್ತು. ಅದನ್ನು ಬದಲಿಸಿ, ಎಂಜಿನ್ನಿನ ಸರ್ವಿಸನ್ನೂ ಮಾಡಿಕೊಡುವುದಾಗಿ ಒಪ್ಪಿದ ಕಾರ್ಯಾಗಾರದವರು ಮೂರು ತಿಂಗಳ ಗಡುವು ಹೇಳಿ ಪೂರ್ತಿ ಹಣವನ್ನು ಮುಂಗಡವಾಗಿ ಪಡೆದರು. ಹೆಚ್ಚಿನ ಭಾಗವನ್ನು ಕ್ರೆಡಿಟ್ ಕಾರ್ಡಿನಲ್ಲಿ, ಉಳಿದುದನ್ನು ನಗದಾಗಿ ಕೊಟ್ಟೆ. ಈಗ ಆರು ತಿಂಗಳಾಗಿದೆ. ಹಿಂಬದಿಯನ್ನು ಕತ್ತರಿಸಿ ತೆರೆದಿಟ್ಟಿದ್ದಾರೆ. ಎಂಜಿನ್ ಒಂದು ಮೂಲೆಯಲ್ಲಿ ಬಿದ್ದಿದೆ. ಕೇಳಿದಾಗಲೆಲ್ಲ ‘ಮುಂದಿನ ವಾರ’ ಎನ್ನುತ್ತಿದ್ದವರು ಈಚೆಗೆ ಫೋನನ್ನೂ ಎತ್ತುತ್ತಿಲ್ಲ. ಜಗಳವಾಡಿದರೆ ದೋಣಿಗೇ ಏನಾದರೂ ಮಾಡಿಯಾರೆಂಬ ಅಂಜಿಕೆಯಿದೆ. ಏನು ಮಾಡಲಿ?

ಉತ್ತರ: ನಿಮ್ಮ ಅಂಜಿಕೆ ಸಹಜವಾದುದು. ಹಣವೂ ಅವರ ಕೈಯಲ್ಲಿದೆ, ದೋಣಿಯೂ ಅವರ ಅಂಗಳದಲ್ಲಿದೆ. ಜುಟ್ಟನ್ನು ಪೂರ್ತಿಯಾಗಿ ಕೊಟ್ಟ ಮೇಲೆ ದನಿ ಏರಿಸುವುದು ಕಷ್ಟ. ಆದರೆ ನೀವು ಈವರೆಗೆ ಕೇಳುತ್ತ ಬಂದಿರುವುದು ‘ಯಾವಾಗ ಮುಗಿಯುತ್ತದೆ’ ಎಂಬುದನ್ನು, ಅದೂ ಬಾಯಿಮಾತಿನಲ್ಲಿ. ಆ ಪ್ರಶ್ನೆಗೆ ‘ಮುಂದಿನ ವಾರ’ ಎಂಬ ಉತ್ತರ ಬಂದಾಗಲೆಲ್ಲ, ನೀವು ಸುಮ್ಮನೆ ಹಿಂದಿರುಗಿದಾಗಲೆಲ್ಲ, ಹಳೆಯ ಗಡುವು ಸತ್ತು ಹೊಸದೊಂದು ಹುಟ್ಟಿದಂತಾಗುತ್ತದೆ. ನಾಳೆ ವ್ಯಾಜ್ಯವೇ ಆದರೆ, ಗ್ರಾಹಕರು ವಿಳಂಬಕ್ಕೆ ಒಪ್ಪಿದ್ದರೆಂದು ಅವರು ವಾದಿಸಬಹುದು. ಆದ್ದರಿಂದ ನಿಮಗೆ ಈಗ ಬೇಕಾಗಿರುವುದು ಮತ್ತೊಂದು ಭರವಸೆಯಲ್ಲ, ಕಾಗದದ ಮೇಲೆ ಬರೆದ ಒಂದು ತಾರೀಖು.

ಪತ್ರ ಬರೆಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಒಬ್ಬರೇ ಹೋಗಬೇಡಿ, ದೋಣಿಯ ಕೆಲಸ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಉದ್ದೇಶ ಜಗಳವಲ್ಲ, ನೋಡುವುದು. ಕೆಲಸ ಮಾಡಲಾರದವರಿಗೂ ಮಾಡಲೊಲ್ಲದವರಿಗೂ ವ್ಯತ್ಯಾಸವಿದೆ. ರೆಸಿನ್ನಿನ, ಅಂದರೆ ಫೈಬರ್‌ಗ್ಲಾಸ್ ಪದರಗಳನ್ನು ಅಂಟಿಸಿ ಗಟ್ಟಿಮಾಡುವ ರಾಳದ, ಕೆಲಸ ಬಲ್ಲ ಒಬ್ಬನೇ ಕೆಲಸಗಾರ ಬಿಟ್ಟುಹೋಗಿದ್ದರೆ ಅದು ಒಂದು ಕತೆ. ಅಂಗಳದ ಎಲ್ಲ ದೋಣಿಗಳೂ ನಿಮ್ಮದರಂತೆಯೇ ಅರ್ಧಕ್ಕೆ ನಿಂತಿದ್ದು, ಹೊಸ ಮುಂಗಡದಿಂದ ಹಳೆಯ ಕೆಲಸಕ್ಕೆ ಸಾಮಾನು ತರುವ ಸ್ಥಿತಿಯಿದ್ದರೆ ಅದು ಬೇರೆಯೇ ಕತೆ. ಮೊದಲನೆಯದಕ್ಕೆ ತಾಳ್ಮೆ ಒಂದಿಷ್ಟು ಫಲ ಕೊಟ್ಟೀತು. ಎರಡನೆಯದರಲ್ಲಿ ಪ್ರತಿ ವಾರವೂ ನಿಮಗೆ ನಷ್ಟವೇ, ಏಕೆಂದರೆ ಕಾರ್ಯಾಗಾರ ದಿವಾಳಿಯಾದರೆ ಮುಂಗಡ ಕೊಟ್ಟ ಗ್ರಾಹಕರು ಸಾಮಾನ್ಯವಾಗಿ ಒತ್ತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ, ಬ್ಯಾಂಕುಗಳ ಹಿಂದೆ ನಿಲ್ಲಬೇಕಾಗುತ್ತದೆ. ದೋಣಿ ಮಾತ್ರ ಆಗಲೂ ನಿಮ್ಮದೇ, ಅದು ನಿಮ್ಮದೆಂದು ತೋರಿಸಿಕೊಡಲು ಸಾಧ್ಯವಾದರೆ.

ಇಲ್ಲಿ ನಿಮ್ಮ ಪ್ರಕರಣಕ್ಕೇ ಸೇರಿದ ಒಂದು ಸೂಕ್ಷ್ಮವಿದೆ. ದೋಣಿಯ ಗುರುತಿನ ಸಂಖ್ಯೆಯನ್ನು ಸಾಮಾನ್ಯವಾಗಿ ಕೆತ್ತುವುದು ಟ್ರಾನ್ಸಮ್‌ನ ಹೊರಮೈಯ ಬಲಭಾಗದಲ್ಲಿ. ಐಎಸ್‌ಒ 10087 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರಲ್ಲಿ 14 ಅಕ್ಷರ–ಅಂಕಿಗಳಿರುತ್ತವೆ. ನಿಮ್ಮಲ್ಲಿ ಕತ್ತರಿಸಿರುವುದು ಅದೇ ಗೋಡೆಯನ್ನು. ಒಳಗಿನಿಂದ ತೆರೆದಿದ್ದರೆ ಸಂಖ್ಯೆ ಉಳಿದಿರುತ್ತದೆ. ಹೊರಮೈಯನ್ನೇ ತೆಗೆದಿದ್ದರೆ ಆ ತುಂಡು ಕಸದ ರಾಶಿಯಲ್ಲಿರಬಹುದು. ಅದನ್ನು ಹುಡುಕಿ, ಫೋಟೊ ತೆಗೆದು, ಸಾಧ್ಯವಾದರೆ ಅಂದೇ ಮನೆಗೆ ತನ್ನಿ.

ಉಳಿದ ಫೋಟೊಗಳಲ್ಲಿ ಎಂಜಿನ್ನಿನ ಕ್ರಮಸಂಖ್ಯೆ, ಕತ್ತರಿಸಿದ ಅಂಚು, ತಂದಿಟ್ಟಿರುವ ಹಲಗೆ ಮತ್ತು ರೆಸಿನ್ ಡಬ್ಬಗಳ ಮೇಲಿನ ಚೀಟಿ ಸ್ಪಷ್ಟವಾಗಿ ಕಾಣಬೇಕು. ಡಬ್ಬದ ಚೀಟಿ ಏಕೆಂದರೆ, ಮುಂದೆ ಈ ಕೆಲಸವನ್ನು ಬೇರೆಯವರು ಮುಗಿಸಬೇಕಾದರೆ ಅವರು ಕೇಳುವ ಮೊದಲ ಪ್ರಶ್ನೆಯೇ ಯಾವ ರೆಸಿನ್ ಬಳಸಲಾಗಿದೆ ಎಂಬುದು. ಪಾಲಿಯೆಸ್ಟರ್, ಎಪಾಕ್ಸಿ ಎಂಬುವು ರೆಸಿನ್ನಿನ ಎರಡು ಬಗೆಗಳು. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಅಷ್ಟು ಭದ್ರವಾಗಿ ಹಿಡಿಯುವುದಿಲ್ಲ. ಎಪಾಕ್ಸಿಯ ಒಂದು ಪದರ ಹಾಕಿ ತಿಂಗಳುಗಟ್ಟಲೆ ಬಿಟ್ಟಿದ್ದರೆ ಅದರ ಮೇಲೆ ಮೇಣದಂಥ ಪೊರೆ ಕೂತಿರಬಹುದು. ಅದನ್ನು ನೀರಿನಿಂದ ಉಜ್ಜಿ ತೊಳೆಯದೆ, ಮರಳು ಕಾಗದ ತಿಕ್ಕದೆ ಮುಂದಿನ ಪದರ ಹಾಕಿದರೆ ಕೆಲಸ ಮತ್ತೆ ಕಳಚಿಕೊಳ್ಳುತ್ತದೆ. ತೆರೆದ ಭಾಗಕ್ಕೆ ಮಳೆನೀರು ಬೀಳುತ್ತಿದ್ದರೆ ಹೊಸ ಹಲಗೆಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಅಂದೇ ಟಾರ್ಪಾಲು ಹೊದಿಸಲು, ನೀರು ನಿಲ್ಲದಂತೆ ದೋಣಿಯ ಮೂತಿಯನ್ನು ಸ್ವಲ್ಪ ಎತ್ತಿರಿಸಲು ಹೇಳಿ. ಎಂಜಿನ್ ಮಲಗಿದ್ದರೆ ಅದನ್ನು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಲು ಹೇಳಿ. ಇಷ್ಟನ್ನು ಯಾರೂ ನಿರಾಕರಿಸಲಾರರು, ನಿರಾಕರಿಸಿದರೆ ಅದೂ ಒಂದು ಉತ್ತರವೇ.

ಇನ್ನು ಪತ್ರ. ಅದರಲ್ಲಿ ಕೋಪ ಬೇಡ, ಬೆದರಿಕೆ ಬೇಡ, ಹಳೆಯ ಫೋನ್ ಕರೆಗಳ ಪುರಾಣವೂ ಬೇಡ. ಯಾವ ಕೆಲಸಕ್ಕೆ ಎಷ್ಟು ಹಣ ಯಾವ ದಿನ ಕೊಟ್ಟಿರಿ, ಯಾವ ದಿನಕ್ಕೆ ಮುಗಿಯಬೇಕಿತ್ತು, ನೀವು ಹೋಗಿ ನೋಡಿದ ದಿನ ಏನೇನು ಆಗಿತ್ತು, ಏನೇನು ಬಾಕಿಯಿತ್ತು ಎಂಬುದನ್ನು ಬರೆದು, ಇಂದಿನಿಂದ 14 ದಿನಗಳೊಳಗೆ ಕೆಲಸ ಮುಗಿಸಬೇಕೆಂದೂ, ಇಲ್ಲವಾದರೆ ಆ ದಿನಕ್ಕೆ ಒಪ್ಪಂದ ಕೊನೆಗೊಳ್ಳುವುದೆಂದೂ, ದೋಣಿ, ಎಂಜಿನ್, ನಿಮ್ಮ ಹಣದಿಂದ ಕೊಂಡ ಸಾಮಗ್ರಿ ಮತ್ತು ಆಗದ ಕೆಲಸದ ಹಣವನ್ನು ಹಿಂದಿರುಗಿಸಬೇಕೆಂದೂ ತಿಳಿಸಿ. ಸಾಮಗ್ರಿಗೆ ಹಣ ಖರ್ಚಾಗಿದೆಯೆಂದು ಅವರು ಹೇಳಿದರೆ ಪೂರೈಕೆದಾರರ ಬಿಲ್ ತೋರಿಸಲು ಕೇಳಿ. ಈ ‘ಕೊನೆಯ ಗಡುವಿನ’ ಕ್ರಮ ನಾನು ಕಟ್ಟಿದ್ದಲ್ಲ. ಅಂತರರಾಷ್ಟ್ರೀಯ ವಾಣಿಜ್ಯ ಒಪ್ಪಂದಗಳಿಗಾಗಿ ಯುನಿಡ್ರಾ (UNIDROIT) ಎಂಬ, ದೇಶದೇಶಗಳ ಖಾಸಗಿ ಕಾನೂನನ್ನು ಹೊಂದಿಸಲು ದುಡಿಯುವ ಸಂಸ್ಥೆ 1994ರಲ್ಲಿ ಪ್ರಕಟಿಸಿದ ತತ್ತ್ವಗಳಲ್ಲೂ, ತಡಮಾಡಿದವರಿಗೆ ನ್ಯಾಯವಾದ ಹೆಚ್ಚುವರಿ ಅವಧಿ ಕೊಟ್ಟು, ಅದೂ ಮೀರಿದರೆ ಒಪ್ಪಂದವನ್ನು ಕೊನೆಗೊಳಿಸುವ ದಾರಿಯಿದೆ. ನಿಮ್ಮ ದೋಣಿಗೆ ಅನ್ವಯಿಸುವುದು ನಿಮ್ಮ ನೆಲದ ಕಾನೂನೇ ಆದರೂ, ಈ ತರ್ಕವನ್ನು ಒಪ್ಪದ ನ್ಯಾಯಾಧೀಶರು ವಿರಳ. ಆ 14 ದಿನ ಮುಗಿಯುವವರೆಗೆ ಬೇರೆ ರಿಪೇರಿಯವರನ್ನು ಅಲ್ಲಿಗೆ ಕಳುಹಿಸಬೇಡಿ. ಅವಧಿ ಕೊಟ್ಟ ಮೇಲೆ ಆ ಅವಧಿಗೆ ನೀವೂ ಬದ್ಧರು. ಪತ್ರ ತಲುಪಿದ್ದಕ್ಕೆ ರಸೀದಿ ಇರಲಿ, ಅದರ ಪ್ರತಿ ಇಮೇಲಿನಲ್ಲೂ ಹೋಗಲಿ.

ಹದಿನಾಲ್ಕೇ ದಿನ ಎಂದದ್ದಕ್ಕೆ ಕಾರಣ ನಿಮ್ಮ ಕ್ರೆಡಿಟ್ ಕಾರ್ಡು. ಹಣ ಕೊಟ್ಟೂ ಸೇವೆ ದೊರೆಯದಿದ್ದಾಗ ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಹಣ ಹಿಂದಕ್ಕೆ ಕೇಳುವ ವ್ಯವಸ್ಥೆಯಿದೆ. ವೀಸಾ ಜಾಲದಲ್ಲಿ ಈ ಬಗೆಯ ತಕರಾರಿನ ಸಂಕೇತ 13.1. ಸೇವೆ ದೊರೆಯಬೇಕಿದ್ದ ದಿನದಿಂದ 120 ದಿನಗಳೊಳಗೆ ಅದನ್ನು ಎತ್ತಬೇಕು, ಹಣ ಪಾವತಿಯಾದಂದಿನಿಂದ ಒಟ್ಟು 540 ದಿನ ಮೀರಬಾರದು. ನಿಮಗೆ ಹೇಳಿದ್ದ ಮೂರು ತಿಂಗಳು ಕಳೆದು ಮತ್ತೆ ಮೂರು ತಿಂಗಳಾಗಿದೆ; ಅಂದರೆ ಸುಮಾರು 90 ದಿನ ಸಂದಿದೆ, ಉಳಿದಿರುವುದು ಒಂದು ತಿಂಗಳಷ್ಟೇ. ಹೆಚ್ಚು ಉದಾರವಾದ ಗಡುವು ಕೊಟ್ಟರೆ ಈ ಬಾಗಿಲು ಮುಚ್ಚಿಹೋಗಬಹುದು. ನಿಮ್ಮ ಬ್ಯಾಂಕಿನ ಕ್ರಮ ಹೇಗಿದೆಯೆಂದು ನಾಳೆಯೇ ವಿಚಾರಿಸಿ, ಅರ್ಜಿಯನ್ನು 15ನೆಯ ದಿನಕ್ಕೆ ಸಿದ್ಧವಾಗಿಡಿ. ವ್ಯಾಪಾರಿಯೊಡನೆ ಮೊದಲು ಬಗೆಹರಿಸಿಕೊಳ್ಳಲು ಯತ್ನಿಸಿದಿರಾ ಎಂದು ಬ್ಯಾಂಕಿನವರು ಕೇಳುತ್ತಾರೆ. ನಿಮ್ಮ ಪತ್ರವೇ ಅದಕ್ಕೆ ಉತ್ತರ. ನಗದಾಗಿ ಕೊಟ್ಟ ಭಾಗಕ್ಕೆ ಈ ದಾರಿಯಿಲ್ಲ; ಅದಕ್ಕೆ ಗ್ರಾಹಕ ದೂರು ಅಥವಾ ಸಣ್ಣ ವ್ಯಾಜ್ಯಗಳ ನ್ಯಾಯಾಲಯವೇ ಗತಿ. ರಸೀದಿ ಇಲ್ಲದಿದ್ದರೆ, ಆ ಮೊತ್ತ ಪಡೆದದ್ದನ್ನು ಒಪ್ಪಿಕೊಳ್ಳುವ ಅವರ ಒಂದು ಸಂದೇಶವಾದರೂ ನಿಮ್ಮ ಫೋನಿನಲ್ಲಿ ಉಳಿದಿದೆಯೇ ನೋಡಿ.

ಗಡುವು ಮೀರಿದ ಮೇಲೆ ದೋಣಿಯನ್ನು ಮೊದಲು ತನ್ನಿ, ಹಣದ ಮಾತು ಆಮೇಲಾಗಲಿ. ಇದು ನನ್ನ ಖಚಿತವಾದ ಅಭಿಪ್ರಾಯ. ಹಣ ಸಿಗುವವರೆಗೆ ದೋಣಿ ಅಲ್ಲೇ ಇರಲಿ ಎಂದು ಹಟ ಹಿಡಿದವರು ಎರಡನ್ನೂ ಕಳೆದುಕೊಂಡದ್ದುಂಟು. ತಂದ ಬಳಿಕ ಸ್ವತಂತ್ರ ಪರೀಕ್ಷಕರೊಬ್ಬರಿಂದ ಸ್ಥಿತಿಯ ವರದಿ ಬರೆಸಿ, ಬಾಕಿ ಕೆಲಸಕ್ಕೆ ಇಬ್ಬರಿಂದ ಅಂದಾಜು ಪಡೆದು, ಆ ಬಳಿಕವೇ ಹೊಸಬರಿಗೆ ಕೆಲಸ ಒಪ್ಪಿಸಿ. ಹೊಸಬರು ಕೈ ಹಚ್ಚಿದ ಮೇಲೆ ಹಳಬರು ಮಾಡಿದ್ದೆಷ್ಟು ಎಂಬುದನ್ನು ಯಾರೂ ಹೇಳಲಾರರು.

ಪ್ರಶ್ನೆ: ನನ್ನದೂ ಇಂಥದೇ ಪಾಡು. ದೋಣಿಯನ್ನು ಒಯ್ಯುತ್ತೇನೆ ಎಂದರೆ, ಇಷ್ಟು ತಿಂಗಳು ಅಂಗಳದಲ್ಲಿ ಇರಿಸಿಕೊಂಡದ್ದಕ್ಕೆ ಬಾಡಿಗೆ ಕೊಡದೆ ಬಿಡುವುದಿಲ್ಲ ಎನ್ನುತ್ತಾರೆ. ರಾತ್ರಿ ಟ್ರೇಲರ್ ತಂದು ಎಳೆದುಕೊಂಡು ಹೋಗಬಹುದೇ?

ಉತ್ತರ: ಬೇಡ. ದೋಣಿ ನಿಮ್ಮದಾದರೂ ಅಂಗಳ ಅವರದು. ಬೀಗ ಮುರಿದು ಒಳಹೊಕ್ಕರೆ ದೂರು ಕೊಡುವ ಸರದಿ ಅವರದಾಗುತ್ತದೆ.

ಅವರು ಹೇಳುತ್ತಿರುವುದಕ್ಕೆ ಒಂದು ನೆಲೆ ಇಲ್ಲದಿಲ್ಲ. ದುರಸ್ತಿ ಮಾಡಿದವರು ಕೂಲಿ ಸಲ್ಲುವವರೆಗೆ ವಸ್ತುವನ್ನು ತಡೆದಿಟ್ಟುಕೊಳ್ಳುವ ಹಕ್ಕು ಹಲವು ದೇಶಗಳ ಕಾನೂನಿನಲ್ಲಿದೆ. ಹಡಗುಗಳ ಮೇಲಿನ ಹಕ್ಕುಗಳನ್ನು ಕುರಿತ 1993ರ ಅಂತರರಾಷ್ಟ್ರೀಯ ಒಡಂಬಡಿಕೆಯೂ ಅಂಥ ಹಕ್ಕನ್ನು ಕೊಡಲು ರಾಷ್ಟ್ರಗಳಿಗೆ ಅವಕಾಶವಿತ್ತಿದೆ, ಹಡಗು ಅವರ ವಶದಲ್ಲಿರುವವರೆಗೆ ಮಾತ್ರ. ಆದರೆ ಈ ಹಕ್ಕಿನ ಬೇರು ಮಾಡಿದ ಕೆಲಸದ ಬಾಕಿ ಹಣದಲ್ಲಿದೆ. ಪೂರ್ತಿ ಮುಂಗಡ ಸಂದಿರುವಾಗ ಬಾಕಿ ಎಲ್ಲಿಂದ ಬಂತು? ತಮ್ಮದೇ ವಿಳಂಬದಿಂದ ದೋಣಿ ಅಲ್ಲಿ ಉಳಿದದ್ದಕ್ಕೆ ಬಾಡಿಗೆ ಕೇಳಲು ಒಪ್ಪಂದದಲ್ಲಿ ಸ್ಪಷ್ಟ ಮಾತಿರಬೇಕು. ನಿಮ್ಮ ಕಾಗದದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಅಲ್ಲಿ ಬಾಡಿಗೆಯ ಮಾತಿಲ್ಲದಿದ್ದರೆ, ಯಾವ ದಿನದಿಂದ, ಯಾವ ದರದಲ್ಲಿ, ಯಾವ ಷರತ್ತಿನ ಮೇರೆಗೆ ಎಂದು ಲಿಖಿತವಾಗಿ ಕೇಳಿ. ಅನೇಕ ವೇಳೆ ಬಾಡಿಗೆಯ ಮಾತು ಆ ಪತ್ರದೊಂದಿಗೇ ಮುಗಿಯುತ್ತದೆ. ಮುಗಿಯದಿದ್ದರೆ, ಕೇಳಿದ ಮೊತ್ತ ಚಿಕ್ಕದಿದ್ದಲ್ಲಿ, ‘ಹಕ್ಕು ಕಾಯ್ದಿರಿಸಿಕೊಂಡು, ತಕರಾರಿನೊಂದಿಗೆ ಪಾವತಿಸಿದ್ದೇನೆ’ ಎಂದು ರಸೀದಿಯ ಮೇಲೆ ಬರೆದು ಕೊಟ್ಟು ದೋಣಿಯನ್ನು ಬಿಡಿಸಿಕೊಳ್ಳಿ. ಕಹಿ ಎನಿಸಿದರೂ, ತೆರೆದು ಬಿದ್ದಿರುವ ದೋಣಿ ಇನ್ನೊಂದು ಮಳೆಗಾಲ ಕಳೆಯುವುದಕ್ಕಿಂತ ಇದು ಅಗ್ಗ. ಮೊತ್ತ ದೊಡ್ಡದಾಗಿದ್ದರೆ ವಕೀಲರ ಮೂಲಕ ನ್ಯಾಯಾಲಯದಿಂದ ಬಿಡುಗಡೆಯ ಆದೇಶ ಕೇಳಬೇಕಾಗುತ್ತದೆ.

ಪ್ರಶ್ನೆ: ಮುಂಗಡವನ್ನೇ ಕೊಡದೆ ಇಂಥ ಕೆಲಸ ಮಾಡಿಸಲು ಸಾಧ್ಯವೇ?

ಉತ್ತರ: ಕಷ್ಟ. ರೆಸಿನ್, ಹಲಗೆ, ಎಂಜಿನ್ನಿನ ಬಿಡಿಭಾಗಗಳಿಗೆ ಅವರು ಕೈಯಿಂದ ಹಣ ಹಾಕಬೇಕೆಂದು ಬಯಸುವುದು ನ್ಯಾಯವೂ ಅಲ್ಲ. ಸಾಮಗ್ರಿಯ ಹಣವನ್ನು ಮೊದಲು ಕೊಡಿ, ಸಾಧ್ಯವಿದ್ದರೆ ನೇರವಾಗಿ ಪೂರೈಕೆದಾರರಿಗೇ. ಬಿಲ್ ನಿಮ್ಮ ಹೆಸರಿನಲ್ಲಿರಲಿ. ಕೂಲಿಯನ್ನು ಮಾತ್ರ ಕಣ್ಣಿಗೆ ಕಾಣುವ ಹಂತಗಳಿಗೆ ಕಟ್ಟಿ: ಕೊಳೆತದ್ದನ್ನು ತೆಗೆದು ಒಣಗಿಸಿ ತೋರಿಸಿದಾಗ ಒಂದು ಪಾಲು, ಹೊಸ ಹಲಗೆ ಕೂತು ಪದರಗಳು ಮುಗಿದಾಗ ಇನ್ನೊಂದು, ಎಂಜಿನ್ ಏರಿಸಿ ನೀರಿನಲ್ಲಿ ಓಡಿಸಿ ನೋಡಿದ ಮೇಲೆ ಕೊನೆಯದು. ಆ ಕೊನೆಯ ಪಾಲು, ಅದಕ್ಕಾಗಿ ಅವರು ಕೆಲಸ ಮುಗಿಸಲು ಬಯಸುವಷ್ಟು ದೊಡ್ಡದಾಗಿರಬೇಕು. ಹತ್ತರಲ್ಲಿ ಒಂದು ಪಾಲನ್ನಷ್ಟೇ ಉಳಿಸಿಕೊಂಡರೆ, ಅದನ್ನು ಬಿಟ್ಟುಕೊಟ್ಟು ಮುಂದಿನ ಗ್ರಾಹಕರ ಮುಂಗಡದತ್ತ ಹೊರಳುವವರಿದ್ದಾರೆ.