ಯೂನಿಯನ್ ಕಾರ್ಡಿಗೆ ಸಹಿ ಹಾಕಲೇಬೇಕಾ ಅಂತ ಕೇಳಿದ ತಂಗಿಗೆ

ತಂಗೀ, ಇಲಿನಾಯ್ ರಾಜ್ಯ ಸರ್ಕಾರದಲ್ಲಿ ಕೆಲಸ ಸಿಕ್ಕಿತು ಅಂತ ಓದಿ ತುಂಬಾ ಖುಷಿಯಾಯಿತು. ಗ್ರೀನ್ ಕಾರ್ಡ್ ಬಂದು ವರ್ಷವಾಗಿಲ್ಲ, ಸೇರಿದ ಮೊದಲ ವಾರವೇ ಯೂನಿಯನ್ನಿನವರು ಬಂದು, ಸದಸ್ಯಳಾಗಿ ಸಂಬಳದಿಂದ ವಂತಿಗೆ ಕಡಿಯಲು ಒಪ್ಪಿಗೆ ಕೊಡುವ ಒಂದು ಕಾರ್ಡ್ ಕೈಗಿತ್ತು ಹೋಗಿದ್ದಾರೆ. ಸಹಿ ಹಾಕದಿದ್ದರೆ ಕೆಲಸಕ್ಕೆ ಕುತ್ತು ಬರುತ್ತಾ, ಸರ್ಕಾರಿ ನೌಕರಳಾದ ಮೇಲೆ ಫೇಸ್‌ಬುಕ್ಕಿನಲ್ಲಿ ಬಾಯಿ ಬಿಡಬಹುದಾ ಅಂತ ಕೇಳಿದ್ದೀಯ. ನಾನು ಸ್ಪ್ರಿಂಗ್‌ಫೀಲ್ಡಿನಲ್ಲಿ ಇದೇ ರಾಜ್ಯದ ನೌಕರಿಯಲ್ಲಿ 19 ವರ್ಷ ಕಳೆದವಳು. ನನಗೆ ತಿಳಿದಷ್ಟು ಹೇಳುತ್ತೇನೆ.

ಸಹಿ ಹಾಕದಿದ್ದರೆ ಕೆಲಸ ಹೋಗುವುದಿಲ್ಲ. ನಿನ್ನ ಒಪ್ಪಿಗೆ ಇಲ್ಲದೆ ಸಂಬಳದಿಂದ ಒಂದು ಸೆಂಟ್ ಕೂಡ ಯೂನಿಯನ್ನಿಗೆ ಹೋಗುವಂತಿಲ್ಲ. ನಾನು ಸೇರಿದಾಗ ಹಾಗಿರಲಿಲ್ಲ. ಕಾರ್ಡಿಗೆ ಸಹಿ ಹಾಕದೆ ಸುಮ್ಮನಿದ್ದೆ, ಆದರೂ ಪೇಸ್ಲಿಪ್ಪಿನಲ್ಲಿ 'ಫೇರ್ ಶೇರ್' ಅಂತ ಒಂದು ಸಾಲು ಇರುತ್ತಿತ್ತು, ಪ್ರತಿ ಸಲ ದುಡ್ಡು ಕಟ್ ಆಗುತ್ತಿತ್ತು. ಸದಸ್ಯಳಲ್ಲದಿದ್ದರೂ ಯೂನಿಯನ್ ನಿನ್ನ ಪರವಾಗಿ ಸಂಬಳದ ಮಾತುಕತೆ ಮಾಡುತ್ತದಲ್ಲ, ಅದರ ಖರ್ಚಿನಲ್ಲಿ ನಿನ್ನ ಪಾಲು ಅನ್ನುವ ಲೆಕ್ಕ. ಇಲ್ಲಿನ ಸುಪ್ರೀಂ ಕೋರ್ಟಿನ 1977ರ ಅಬೂಡ್ ತೀರ್ಪು ಇದಕ್ಕೆ ಒಪ್ಪಿಗೆ ಕೊಟ್ಟಿತ್ತು.

ಅದನ್ನು ಪ್ರಶ್ನಿಸಿದವರು ಈ ಊರಿನಲ್ಲೇ ರಾಜ್ಯ ಸರ್ಕಾರದ ಕೆಲಸದಲ್ಲಿದ್ದ ಮಾರ್ಕ್ ಜೇನಸ್. ಮಕ್ಕಳ ಜೀವನಾಂಶದ ಪ್ರಕರಣಗಳನ್ನು ನೋಡಿಕೊಳ್ಳುವ ನೌಕರ. ಅವರ ಸಂಬಳದಿಂದ ತಿಂಗಳಿಗೆ 44.58 ಡಾಲರ್ ಹೋಗುತ್ತಿತ್ತು. ಯೂನಿಯನ್ ಸರ್ಕಾರದ ಎದುರು ಕೂತು ಸಂಬಳ, ಪಿಂಚಣಿ ಕೇಳುವುದೆಂದರೆ ತೆರಿಗೆ ಹಣ ಹೇಗೆ ಖರ್ಚಾಗಬೇಕು ಅಂತ ಮಾತಾಡಿದ ಹಾಗೆ, ಅದು ರಾಜಕೀಯದ ಮಾತೇ, ನನಗೆ ಒಪ್ಪಿಗೆಯಿಲ್ಲದ ಮಾತಿಗೆ ನನ್ನ ದುಡ್ಡು ಯಾಕೆ ಅನ್ನುವುದು ಅವರ ವಾದ. 2018ರ ಜೂನ್ 27ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಅಲಿಟೊ. ನಮ್ಮಲ್ಲಿ 'ಮೌನಂ ಸಮ್ಮತಿ ಲಕ್ಷಣಂ' ಅನ್ನುತ್ತೇವಲ್ಲ, ಈ ತೀರ್ಪು ಅದಕ್ಕೆ ಪೂರಾ ತದ್ವಿರುದ್ಧ. ನೌಕರ ತಾನಾಗಿ, ಸ್ಪಷ್ಟವಾಗಿ ಹೂಂ ಅಂದ ಮೇಲೆಯೇ ಕಡಿತ. ಭಿನ್ನಮತ ಬರೆದ ನ್ಯಾಯಮೂರ್ತಿ ಕೇಗನ್ 41 ವರ್ಷ ನಿಂತಿದ್ದ ವ್ಯವಸ್ಥೆಯನ್ನು ಕಿತ್ತುಹಾಕಿದ್ದು ತಪ್ಪು ಅಂದರು. ಆ ತೀರ್ಪಾದ ಮೇಲೆ ನನ್ನ ಪಕ್ಕದ ಮೇಜಿನವರು ತಮ್ಮ ಪೇಸ್ಲಿಪ್ ತಂದು ತೋರಿಸಿದರು. ಆ ಸಾಲು ಇರಲಿಲ್ಲ.

ಜೇನಸ್ ವಾದದಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಆದರೂ ನಾನು ಸದಸ್ಯೆ. ಯಾಕೆ ಅಂತ ಹೇಳುತ್ತೇನೆ ಕೇಳು.

ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಫೈಲೊಂದು ತಡವಾಯಿತು ಅಂತ ಮೇಲಿನವರು ವಿಚಾರಣೆಗೆ ಕರೆದರು. ತಡ ನನ್ನಿಂದ ಆಗಿರಲಿಲ್ಲ. ಆದರೆ ಬಾಯಿ ಒಣಗಿ ಇಂಗ್ಲಿಷೇ ಹೊರಡಲಿಲ್ಲ. ಆಗ ಯೂನಿಯನ್ನಿನ ಸ್ಟೀವರ್ಡ್ ಒಬ್ಬರು, ಅಂದರೆ ಕಚೇರಿಯಲ್ಲಿ ನೌಕರರ ಪರ ನಿಲ್ಲುವ ಪ್ರತಿನಿಧಿ, ನನಗಿಂತ ಹಿರಿಯ ಹೆಂಗಸು, ಹಳದಿ ಹಾಳೆಯ ಪ್ಯಾಡ್ ಹಿಡಿದು ಬಂದು ಪಕ್ಕ ಕೂತರು. ಜಾಸ್ತಿ ಮಾತಾಡಲಿಲ್ಲ. "ಆ ಇಮೇಲ್ ಇವರಿಗೆ ಬಂದದ್ದು ಯಾವ ತಾರೀಖು?" ಅಂತ ಕೇಳಿ, ಉತ್ತರ ಬರೆದುಕೊಂಡು, ಆ ತಾರೀಖಿನ ಕೆಳಗೆ ಎರಡು ಗೆರೆ ಎಳೆದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಫೈಲ್ ನನ್ನ ಮೇಜಿಗೆ ಬರುವ ಮುಂಚೆಯೇ ಗಡುವು ಮುಗಿದುಹೋಗಿತ್ತು! ಅವತ್ತು ನಾನು ಸದಸ್ಯೆಯಲ್ಲ ಅನ್ನುವುದು ಅವರಿಗೆ ಗೊತ್ತಿತ್ತು, ಆದರೂ ಬಂದು ಕೂತರು. ಮಾರನೆಯ ದಿನ ಕಾರ್ಡಿಗೆ ಸಹಿ ಹಾಕಿದೆ.

ಈಗಲೂ ಒಪ್ಪಂದದಲ್ಲಿ ಬರುವ ಸಂಬಳ, ರಜೆ, ವಿಮೆ ಎಲ್ಲ ಸದಸ್ಯರಲ್ಲದವರಿಗೂ ಒಂದೇ. ಕೊಡದೆಯೂ ಸಿಗುತ್ತದೆ ಅನ್ನುವುದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಯೂನಿಯನ್ ಚುನಾವಣೆಯಲ್ಲಿ, ಒಪ್ಪಂದ ಒಪ್ಪಿಕೊಳ್ಳುವ ಮತದಾನದಲ್ಲಿ ಓಟು ಬೇಕೆಂದರೆ ಸಾಮಾನ್ಯವಾಗಿ ಸದಸ್ಯಳಾಗಿರಬೇಕು.

ಸಹಿ ಹಾಕುವುದಾದರೆ ಕಾರ್ಡಿನ ಸಣ್ಣ ಅಕ್ಷರ ಬಿಡದೆ ಓದು. ಎಷ್ಟೋ ಕಾರ್ಡುಗಳಲ್ಲಿ, ಕಡಿತ ನಿಲ್ಲಿಸಬೇಕೆಂದರೆ ವರ್ಷಕ್ಕೊಮ್ಮೆ ಇಂತಿಷ್ಟು ದಿನಗಳೊಳಗೆ ಬರೆದು ಕೊಡಬೇಕು ಅಂತಿರುತ್ತದೆ. ಆ ದಿನ ತಪ್ಪಿದರೆ ಇನ್ನೊಂದು ವರ್ಷ. ರಾಜಕೀಯ ನಿಧಿಗೆ ಅಂತ ಬೇರೆ ಜಾಗ ಇದ್ದರೆ ಅದು ವಂತಿಗೆಗೆ ಸೇರಿದ್ದಲ್ಲ, ಖಾಲಿ ಬಿಡಬಹುದು. ಗ್ರೀನ್ ಕಾರ್ಡ್ ಇರುವವರು ಚುನಾವಣೆಗೆ ದೇಣಿಗೆ ಕೊಡಬಹುದು, ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು ಕೊಡುವಂತಿಲ್ಲ. ನಿನ್ನ ಸ್ನೇಹಿತೆಯರಿಗೂ ಹೇಳು.

ಇನ್ನು ಬಾಯಿ ಬಿಡುವ ವಿಷಯ. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಊರಿನ ಚರಂಡಿ, ಕೆರೆ ಏರಿ, ಹಾಸ್ಟೆಲಿನ ಅಕ್ಕಿ ಬಗ್ಗೆ ಪತ್ರಿಕೆಯ ವಾಚಕರ ವಾಣಿಗೆ ಬರೆಯುತ್ತಿದ್ದರು, ಅಮ್ಮನ ಹೆಸರಿನಲ್ಲಿ. ಸರ್ಕಾರಿ ನೌಕರ ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ ಅಂತ ನಡತೆ ನಿಯಮ. ಅಮ್ಮ ಓದಿ ನೋಡಿ ಸಹಿ ಹಾಕುತ್ತಿದ್ದಳು, ಒಂದೆರಡು ಕಡೆ ಇನ್ನೂ ಖಾರ ಮಾಡಿಸುತ್ತಿದ್ದಳು.

ಇಲ್ಲಿ ನಿನ್ನ ಹೆಸರಿನಲ್ಲೇ ಬರೆಯಬಹುದು. ಇದೇ ಇಲಿನಾಯ್‌ನಲ್ಲಿ ಮಾರ್ವಿನ್ ಪಿಕರಿಂಗ್ ಅನ್ನುವ ಶಾಲಾ ಶಿಕ್ಷಕ, ಶಾಲಾ ಮಂಡಳಿ ಹಣ ಖರ್ಚು ಮಾಡುವ ರೀತಿಯನ್ನು ಟೀಕಿಸಿ ಊರಿನ ಪತ್ರಿಕೆಗೆ ಬರೆದರು. ಕೆಲಸದಿಂದ ತೆಗೆದರು. 1968ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಸಾರ್ವಜನಿಕ ವಿಷಯದ ಬಗ್ಗೆ ಊರಿನವನಾಗಿ ಮಾತಾಡುವ ಹಕ್ಕು ಸರ್ಕಾರಿ ಕೆಲಸಕ್ಕೆ ಸೇರಿದ ಕೂಡಲೇ ಹೋಗುವುದಿಲ್ಲ ಅಂತ. ಆ ಹಕ್ಕನ್ನು ಕಚೇರಿಯ ಕೆಲಸ ಸುಗಮವಾಗಿ ನಡೆಯಬೇಕಾದ ಅಗತ್ಯದ ಜೊತೆ ತೂಗಿ ನೋಡುತ್ತಾರೆ, ಅಷ್ಟೆ.

ಆದರೆ ಅದೇ ಕೋರ್ಟಿನ 2006ರ ಗಾರ್ಸೆಟಿ ತೀರ್ಪನ್ನು ಮರೆಯಬೇಡ. ಲಾಸ್ ಏಂಜಲೀಸಿನ ಸರ್ಕಾರಿ ವಕೀಲರೊಬ್ಬರು, ಶೋಧನಾ ವಾರಂಟಿಗಾಗಿ ಪೊಲೀಸರು ಕೊಟ್ಟ ಪ್ರಮಾಣಪತ್ರದಲ್ಲಿ ತಪ್ಪುಗಳಿವೆ ಅಂತ ಮೇಲಧಿಕಾರಿಗೆ ಟಿಪ್ಪಣಿ ಬರೆದರು. ಅದಕ್ಕೇ ತನಗೆ ಕಿರುಕುಳ ಕೊಟ್ಟರು ಅಂತ ಕೋರ್ಟಿಗೆ ಹೋದರು. ಟಿಪ್ಪಣಿ ಬರೆಯುವುದು ನಿಮ್ಮ ಕೆಲಸದ ಭಾಗ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಅಂತ 5-4ರಲ್ಲಿ ತೀರ್ಪಾಯಿತು. ಓದಿದಾಗ ನನಗೆ ಸಂಕಟವಾಗಿತ್ತು. ಕಚೇರಿಯೊಳಗಿನ ತಪ್ಪನ್ನು ಮೊದಲು ಕಾಣುವವರು ಅಲ್ಲಿ ಕೆಲಸ ಮಾಡುವವರೇ ಅಲ್ಲವಾ? ಅಂಥದ್ದು ಕಣ್ಣಿಗೆ ಬಿದ್ದರೆ ತಪ್ಪು ಬಯಲು ಮಾಡುವವರನ್ನು ಕಾಪಾಡುವ ಬೇರೆ ಕಾನೂನುಗಳಿವೆ. ಮೊದಲು ಸ್ಟೀವರ್ಡನ್ನೋ ವಕೀಲರನ್ನೋ ಕೇಳಿ ಮುಂದುವರಿ.

ಉಳಿದದ್ದು ಸುಲಭ. ಕಚೇರಿಯ ಸಮಯದಲ್ಲಿ, ಕಚೇರಿಯ ಕಂಪ್ಯೂಟರಿನಲ್ಲಿ ಚುನಾವಣೆ ಪ್ರಚಾರ ಬೇಡ, ರಾಜ್ಯದ ಕಾನೂನೇ ಅದನ್ನು ನಿಷೇಧಿಸಿದೆ. ಕಚೇರಿಗೆ ಬರುವವರ ಕಥೆ ಹೆಸರು ತೆಗೆದು ಕೂಡ ಹಾಕಬೇಡ. ನಿನ್ನ ಊರಿನ ಶಾಲೆ, ರಸ್ತೆ, ತೆರಿಗೆ ಬಗ್ಗೆ ನಿನ್ನ ಫೋನಿನಿಂದ, ರಾತ್ರಿ ಊಟವಾದ ಮೇಲೆ, ಧೈರ್ಯವಾಗಿ ಬರೆ.

ಕಾರ್ಡಿನ ಫೋಟೊ ತೆಗೆದು ಕಳಿಸು, ಹಿಂಬದಿಯದೂ ಸೇರಿಸಿ, ಸಣ್ಣ ಅಕ್ಷರ ಕಾಣುವ ಹಾಗೆ. ಭಾನುವಾರ ಓದಿ ಫೋನ್ ಮಾಡುತ್ತೇನೆ. ಅಲ್ಲಿಯವರೆಗೂ ಯಾರು ಅವಸರ ಮಾಡಿದರೂ ಸಹಿ ಹಾಕಬೇಡ, ಹಾಕುವುದಿಲ್ಲ ಅಂತಲೂ ಹೇಳಬೇಡ.